ಇನ್ನೊಂದು ಪೊಟ್ಟಣ

ಬೆಳಿಗ್ಗೆ ಎದ್ದು ನೋಡಿದರೆ ನನ್ನ ಫೋನಿನ ಬೆನ್ನು ಬಾಯಿಬಿಟ್ಟಿತ್ತು. ಒಳಗಿನ ಬ್ಯಾಟರಿ ಪೂರಿಯಂತೆ ಉಬ್ಬಿ, ಹಿಂದಿನ ಮುಚ್ಚಳವನ್ನು ಎತ್ತಿ ನಿಲ್ಲಿಸಿತ್ತು. ನಾನು ಸುಮ್ಮನಿರಲಾರದೆ ಹಾಲಿನ ಪ್ಯಾಕೆಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ತಂದು ಅದರ ಹೊಟ್ಟೆಗೆ ಬಿಗಿಯಲು ಹೊರಟೆ.

"ರೀ, ಮುಟ್ಬೇಡಿ ಅದನ್ನ! ಸಿಡಿದು ಗಿಡಿದೀತು" ಎಂದು ನನ್ನ ಹೆಂಡತಿ ಸುಮಿತ್ರ ಕೂಗಿದಳು. "ಇವತ್ತು ಹೊಸದು ತಗೊಂಡೇ ಬರೋಣ."

ಆ 'ತಗೊಂಡೇ' ಎಂಬಲ್ಲಿ ಅವಳು ಒತ್ತು ಕೊಟ್ಟದ್ದಕ್ಕೆ ಕಾರಣವಿದೆ. ಹೋದ ಭಾನುವಾರವೂ ನಾವು ಜಯನಗರ ನಾಲ್ಕನೇ ಬ್ಲಾಕಿನ ಒಂದು ಮೊಬೈಲ್ ಅಂಗಡಿಗೆ ಹೋಗಿದ್ದೆವು, ಬರಿಗೈಯಲ್ಲೇ ವಾಪಸ್ಸು ಬಂದಿದ್ದೆವು. ಅಲ್ಲಿ ನನ್ನ ಮುಂದೆ ಎರಡು ಫೋನು ಇಟ್ಟಿದ್ದರು. ಒಂದು ಕಪ್ಪು, ದೊಡ್ಡದು, ಹೊಸ ಸ್ಲೇಟಿನಷ್ಟು ಗತ್ತಿನದು. ಇನ್ನೊಂದು ನೀಲಿ, ಅಂಗೈಯಲ್ಲಿ ಹಿಡಿಸುವಂಥದು. ಬೆಲೆ ಹೆಚ್ಚು ಕಡಿಮೆ ಒಂದೇ. ಅದೇ ಬಂದ ತೊಂದರೆ. ಒಂದು ದುಬಾರಿ ಒಂದು ಅಗ್ಗ ಆಗಿದ್ದರೆ ನನ್ನಂಥವನಿಗೆ ಜೇಬೇ ದಾರಿ ತೋರಿಸುತ್ತಿತ್ತು.

"ಸಾರ್, ಇದ್ರಲ್ಲಿ ಬ್ಯಾಟ್ರಿ ಜಾಸ್ತಿ. ಇದ್ರಲ್ಲಿ ಕ್ಯಾಮೆರಾ ಸಖತ್ತಾಗಿದೆ" ಎಂದಳು ಅಂಗಡಿಯ ಹುಡುಗಿ.

"ಹಾಗಾದ್ರೆ ಯಾವುದು ಒಳ್ಳೇದಮ್ಮ?"

"ಎರಡೂ ಒಳ್ಳೇದೇ ಸಾರ್. ನಿಮ್ಮ ಯೂಸೇಜ್ ಹೇಗಿದೆ ಅನ್ನೋದ್ರ ಮೇಲೆ."

ನನ್ನ ಯೂಸೇಜು! ನೀವೇ ಹೇಳಿ, ನಿವೃತ್ತನಾದವನ ಯೂಸೇಜ್ ಏನಿರುತ್ತದೆ? ನೆಂಟರು ಕಳಿಸುವ ಶುಭೋದಯದ ಗುಲಾಬಿಗಳಿಗೆ ಕೈಮುಗಿಯುವುದು, ಗ್ಯಾಸ್ ಬುಕ್ ಮಾಡುವುದು, ಕರೆಂಟು ಹೋದಾಗ ಅದರ ಟಾರ್ಚಿನಲ್ಲಿ ಕನ್ನಡಕ ಹುಡುಕುವುದು. ಇದಕ್ಕೆ ಯಾವ ಪ್ರೊಸೆಸರ್ ಬೇಕೋ ನನಗೆ ತಿಳಿಯಲಿಲ್ಲ. ಹುಡುಗಿ ಕಪ್ಪು ಫೋನಿನ ಗುಣಗಾನ ಮಾಡುತ್ತಿದ್ದಳು, ನಾನು ತಲೆಯಾಡಿಸುತ್ತಿದ್ದೆ. ಕೊನೆಗೆ ಸುಮಿತ್ರ, "ಬನ್ನಿ, ಯೋಚನೆ ಮಾಡಿ ಬರೋಣ" ಎಂದಳು. ಸರಿ ಎಂದು ತಿರುಗಿ ನಡೆದೆ ನೋಡಿ, ಅಂಗಡಿಯೆಲ್ಲ ಕಿರ್ರೋ ಎಂದು ಕೂಗಿಕೊಂಡಿತು! ಬಾಗಿಲಲ್ಲಿದ್ದ ಗಾರ್ಡ್ ಓಡಿಬಂದ. ಆಗಿದ್ದಿಷ್ಟು. ಮಾತು ಕೇಳುತ್ತ ಕೇಳುತ್ತ ಯಾವಾಗಲೋ ನೀಲಿ ಫೋನನ್ನು ಅಂಗಿಯ ಜೇಬಿಗೆ ಇಳಿಬಿಟ್ಟುಕೊಂಡಿದ್ದೇನೆ. ಅದನ್ನು ಮೇಜಿಗೆ ಕಟ್ಟಿದ್ದ ವೈರು ಜಗ್ಗಿ ಅಲಾರಾಂ ಹೊಡೆದುಕೊಂಡಿದೆ.

"ಪರವಾಗಿಲ್ಲ ಸಾರ್, ಬಿಲ್ ಹಾಕಿಸ್ಕೊಂಡು ತಗೊಂಡ್ಹೋಗಿ" ಎಂದು ಹುಡುಗಿ ನಕ್ಕಳು. ಗಾರ್ಡೂ ನಕ್ಕ. ನನಗೆ ಬೆವರು ಕಿತ್ತುಕೊಂಡು ಬಂತು. ಸುಮಿತ್ರ ಮಾತ್ರ ನಗದೆ ನನ್ನ ಜೇಬನ್ನೇ ನೋಡುತ್ತ ನಿಂತಿದ್ದಳು.

ಆಮೇಲಿನ ವಾರವಿಡೀ ಸಲಹೆಗಳ ಸುರಿಮಳೆ. ಬಿಟಿಎಂ ಲೇಔಟಿನಲ್ಲಿರುವ ಅಕ್ಕನ ಮಗ, "ಮಾವ, ಕಣ್ಮುಚ್ಚಿ ಕರಿದು ತಗೊಳ್ಳಿ" ಎಂದ. ಮಾರನೆಯ ದಿನ ಅವನೇ ಫೋನ್ ಮಾಡಿ, "ಮಾವ, ನೀಲಿದೂ ಕೆಟ್ಟದ್ದಲ್ಲ" ಎಂದ. ಹತ್ತು ಜನ ಸೇರಿದ ಕಡೆ ಹಾವು ಸಾಯೋಲ್ಲ ಅನ್ನುತ್ತಾರೆ. ನನ್ನ ಪಾಲಿಗೆ ಒಬ್ಬನೇ ಸಾಕಾಗಿದ್ದ. ಸರಿ, ತಿಳಿದವರ ಮಾತು ಕೇಳೋಣವೆಂದು ವೀಡಿಯೊ ನೋಡಲು ಕುಳಿತೆ. ಗಡ್ಡದ ಹುಡುಗನೊಬ್ಬ ಕಪ್ಪು ಫೋನು ಬಿಸಿಯಾಗುತ್ತದೆ ಎಂದ. ಗಡ್ಡವಿಲ್ಲದವನು ನೀಲಿ ಫೋನು ಬಿಸಿಯಾಗುತ್ತದೆ ಎಂದ. ಇಬ್ಬರನ್ನೂ ನೋಡಿ ನೋಡಿ ಬಿಸಿಯಾದದ್ದು ನನ್ನ ಹಳೆಯ ಫೋನು. ಅದು ಉಬ್ಬಿದ್ದು ಬಹುಶಃ ಆಗಲೇ.

ಇದು ಇಂದಿನ ಕಾಯಿಲೆಯಲ್ಲ. ಹೋಟೆಲಿನಲ್ಲಿ ಮಸಾಲೆಯೋ ಸೆಟ್ ದೋಸೆಯೋ ಎಂದು ನಾನು ಯೋಚಿಸುವಷ್ಟರಲ್ಲಿ ಸಪ್ಲೈಯರ್ ಪಕ್ಕದ ಮೇಜಿಗೆ ಬಿಲ್ಲು ಕೊಟ್ಟು ಬಂದಿರುತ್ತಾನೆ. ಇದಕ್ಕೆಲ್ಲ ಕಾರಣ ನಮ್ಮ ಸುಬ್ಬತ್ತೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಸುಬ್ಬತ್ತೆ ನನ್ನ ತಂದೆಯ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತ್ಯಾಗರಾಜನಗರದ ನಮ್ಮ ಮನೆಗೆ ಬಂದವರು, ಬಂದ ದಿನದಿಂದ ಮನೆಯ ಯಜಮಾನಿಕೆ ಅವರದೇ. ಆದರೆ ಜೋರು ಮಾಡಿದವರಲ್ಲ. ಮನೆಯಲ್ಲಿ ಎರಡು ಮಾತು ಬಂದರೆ ಸಾಕು, "ಜಗಳ ಯಾಕ್ರೋ? ಹೂವು ಕೇಳೋಣ" ಎನ್ನುತ್ತಿದ್ದರು.

ಹೂವು ಕೇಳುವುದೆಂದರೆ ಹೀಗೆ. ಹಿತ್ತಿಲಿನಿಂದ ಒಂದು ಕೆಂಪು ಕಣಗಿಲೆ, ಒಂದು ಬಿಳಿ ನಂದಬಟ್ಟಲು ಕಿತ್ತು ತರಬೇಕು. ಎರಡನ್ನೂ ಬೇರೆ ಬೇರೆ ಕಾಗದದಲ್ಲಿ ಒಂದೇ ಥರ ಪೊಟ್ಟಣ ಕಟ್ಟಿ ದೇವರ ಮುಂದೆ ಇಡಬೇಕು. ಕೆಂಪು ಬಂದರೆ ಇದು, ಬಿಳಿ ಬಂದರೆ ಅದು ಎಂದು ಮೊದಲೇ ಮನಸ್ಸಿನಲ್ಲಿ ಹೇಳಿಕೊಂಡು, ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಮಿಕ್ಸಿಯೋ ಗ್ರೈಂಡರೋ, ಗೋಡೆಗೆ ಹಳದಿಯೋ ಹಸಿರೋ, ನಾನು ಓದಬೇಕಾದದ್ದು ಸೈನ್ಸೋ ಕಾಮರ್ಸೋ, ಎಲ್ಲವೂ ತೀರ್ಮಾನವಾದದ್ದು ಹೀಗೆ. ಪೊಟ್ಟಣ ಕಟ್ಟುವುದು ಅತ್ತೆಯ ಕೆಲಸ. ಇನ್ನೊಂದು ನಿಯಮವಿತ್ತು: ಎತ್ತದೆ ಉಳಿದ ಪೊಟ್ಟಣವನ್ನು ಬಿಚ್ಚುವಂತಿಲ್ಲ. "ದೇವ್ರು ಬೇಡ ಅಂದಿದ್ದನ್ನ ನಾವ್ಯಾಕೋ ನೋಡ್ಬೇಕು?" ಎಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ನುಗ್ಗೆಮರದ ಬುಡಕ್ಕೆ ಹಾಕಿಬಿಡುತ್ತಿದ್ದರು.

ನನ್ನ ಮದುವೆಯೂ ಆ ಪೊಟ್ಟಣದಿಂದಲೇ ಬಂತು. ನಾನಾಗ ಕೆಲಸಕ್ಕೆ ಸೇರಿದ್ದೆ, ಎರಡು ಕಡೆ ಹೆಣ್ಣು ನೋಡಿದ್ದೆವು. ಮೊದಲು ಬನಶಂಕರಿಯಲ್ಲಿ. ಅಲ್ಲಿ ಉಪ್ಪಿಟ್ಟು ಚೆನ್ನಾಗಿತ್ತು, ಹುಡುಗಿಯೂ ಚೆನ್ನಾಗಿದ್ದಳು, ತಿಂದು ಕೈತೊಳೆದು ಬಂದೆವು. ಮರುವಾರ ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ. ಹುಡುಗಿಯ ತಂದೆ ನನ್ನ ಆಫೀಸಿನ ವಿಷಯ ಕೇಳುತ್ತಿದ್ದರು, ನಾನು ಠೀವಿಯಿಂದ ಉತ್ತರ ಕೊಡುತ್ತಿದ್ದೆ. ಅಷ್ಟರಲ್ಲಿ ಒಳಮನೆಯಲ್ಲಿ ಯಾರೋ ತಡೆಯಲಾರದೆ ನಕ್ಕ ಸದ್ದು ಕೇಳಿತು. ನಾನು ಏನು ಹೇಳುತ್ತಿದ್ದೆನೋ ಅರ್ಧಕ್ಕೇ ಮರೆತುಹೋಯಿತು. ಆಮೇಲೆ ಕಾಫಿ ತಂದವಳ ಮುಖವನ್ನು ಸರಿಯಾಗಿ ನೋಡಲೂ ಇಲ್ಲ. ಮನೆಗೆ ಬಂದು ಜಗುಲಿ ಹತ್ತುವಾಗ ಅತ್ತೆ, "ಲೋ, ಕಾಲಲ್ಲಿ ಯಾರ ಚಪ್ಪಲಿಯೋ ಅದು?" ಎಂದರು. ಬಗ್ಗಿ ನೋಡಿದರೆ ದೋಣಿಯಂಥ ಚಪ್ಪಲಿ. ನಾಲ್ಕನೇ ಟಿ ಬ್ಲಾಕಿನಿಂದ ತ್ಯಾಗರಾಜನಗರದವರೆಗೆ ಹೆಣ್ಣಿನ ತಂದೆಯ ಚಪ್ಪಲಿಯಲ್ಲಿ ಪಟಪಟ ಎನ್ನಿಸಿಕೊಂಡು ನಡೆದು ಬಂದಿದ್ದೆ. ಮಾರನೆಯ ದಿನ ಪಾಪ ಅವರೇ ನನ್ನದನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದು ಬದಲಾಯಿಸಿಕೊಂಡು ಹೋದರು.

"ಯಾವ ಹುಡುಗಿ ಒಪ್ಪಿಗೆ ಹೇಳು" ಎಂದು ಮನೆಯವರೆಲ್ಲ ಸುತ್ತ ಕುಳಿತರು. ನಾನು, "ಇಬ್ಬರೂ ಒಳ್ಳೆಯವರ ಹಾಗೆ ಕಾಣ್ತಾರೆ" ಎಂದೆ. ಅಪ್ಪ ಹಣೆ ಚಚ್ಚಿಕೊಂಡರು. ಅತ್ತೆ ಎದ್ದು ಹಿತ್ತಿಲಿಗೆ ಹೋದರು. ಕೆಂಪು ಬಂದರೆ ಬನಶಂಕರಿ, ಬಿಳಿ ಬಂದರೆ ಜಯನಗರ. ನಾನು ಕಣ್ಣು ಮುಚ್ಚಿ ಎತ್ತಿದೆ, ಬಿಚ್ಚಿದೆ, ನಂದಬಟ್ಟಲು. ಹೀಗೆ ಸುಮಿತ್ರ ನಮ್ಮ ಮನೆಗೆ ಬಂದಳು.

ಈ ಕತೆ ಅವಳಿಗೆ ಮದುವೆಯಾದ ಹೊಸದರಲ್ಲೇ ತಿಳಿಯಿತು. ನಮ್ಮ ಮನೆಯಲ್ಲಿ ಯಾವುದೂ ಗುಟ್ಟಲ್ಲ. ಅಂದಿನಿಂದ ಮಾತಿಗೆ ಮಾತು ಬಂದಾಗಲೆಲ್ಲ ಅವಳು, "ನಾನೇನು ನೀವು ಮೆಚ್ಚಿ ತಂದೋಳಾ? ನಂದಬಟ್ಟಲಲ್ಲಿ ಬಂದೋಳು" ಎನ್ನುತ್ತಾಳೆ. ನಗುತ್ತಲೇ ಅನ್ನುತ್ತಾಳೆ. ಆದರೂ ಆ ನಗುವಿನೊಳಗೆ ಮುಳ್ಳು ಇದೆ, ನನಗೆ ಗೊತ್ತು. ನಾನು ಕರಿಬೇವು ತರುವ ನೆಪದಲ್ಲಿ ಹೊರಗೆ ಹೋಗಿಬಿಡುತ್ತೇನೆ. ನಿಜ ಹೇಳುತ್ತೇನೆ ಕೇಳಿ, ನನಗೂ ಒಳಗೊಳಗೆ ಒಂದು ಭಯ ಇದ್ದೇ ಇತ್ತು. ಅಂದು ನನ್ನ ಕೈ ಒಂದು ಗೇಣು ಆಚೆಗೆ ಹೋಗಿದ್ದರೆ? ಸುಮಿತ್ರ ಇನ್ಯಾರದೋ ಮನೆಯ ತಾರಸಿಯಲ್ಲಿ ಇನ್ಯಾರಿಗೋ ಸಂಡಿಗೆ ಒಣಗಿಸುತ್ತಿದ್ದಳಲ್ಲ! ಗಡ್ಡ ಹೆರೆಯುವಾಗ ಈ ಯೋಚನೆ ಬಂದು ಎಷ್ಟೋ ಸಲ ಕೈ ನಿಂತಿದೆ. ಆದರೆ ಹೂವು ತೋರಿಸಿದವಳನ್ನು ಕಟ್ಟಿಕೊಂಡವನು, "ನೀನೇ ಬೇಕಾಗಿತ್ತು" ಎಂದು ಯಾವ ಬಾಯಲ್ಲಿ ಹೇಳಲಿ? ಹೇಳಿದರೂ ನಂಬುವವರು ಯಾರು?

ಇರಲಿ, ಇವತ್ತಿನ ಬೆಳಗಿಗೆ ಬರೋಣ. ಉಬ್ಬಿದ ಫೋನನ್ನು ಸುಮಿತ್ರ ಇಕ್ಕಳದಲ್ಲಿ ಎತ್ತಿ, ಕುಮಾರಸ್ವಾಮಿ ಲೇಔಟಿನ ನಮ್ಮ ಈ ಚಿಕ್ಕ ಮನೆಯ ಬಾಲ್ಕನಿಯಲ್ಲಿಟ್ಟು ಬಂದಳು. ನಾನು ಕಪ್ಪೋ ನೀಲಿಯೋ ಎಂದು ಮತ್ತೆ ಶುರುಮಾಡಿದೆ. ಅವಳು ಸ್ವಲ್ಪ ಹೊತ್ತು ಕೇಳಿ, "ಸಾಕು ರೀ. ನಿಮ್ಮತ್ತೆ ದಾರೀನೇ ಹಿಡಿಯೋಣ" ಎಂದಳು. ನಂದಬಟ್ಟಲು ನಮ್ಮ ಕುಂಡದಲ್ಲೇ ಇದೆ. ಕಣಗಿಲೆಯನ್ನು ಪಕ್ಕದ ಮನೆಯವರ ಕಾಂಪೌಂಡಿನಿಂದ ತರುತ್ತೇನೆಂದು ಹೋದಳು. ಬಂದು ದೇವರ ಮುಂದೆ ಎರಡು ಪೊಟ್ಟಣ ಇಟ್ಟಳು.

"ಕೆಂಪು ಬಂದ್ರೆ ಕರಿ ಫೋನು, ಬಿಳಿ ಬಂದ್ರೆ ನೀಲಿ. ಎತ್ತಿ."

ಎತ್ತಿದೆ. ಬಿಳಿ. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಅವಳು ಉಳಿದ ಪೊಟ್ಟಣಕ್ಕೆ ಕೈಹಾಕಿದಳು. ಏನನ್ನಿಸಿತೋ, ಅವಳಿಗಿಂತ ಮುಂಚೆ ನಾನು ಅದನ್ನು ಎತ್ತಿಕೊಂಡೆ. ಆಯುಷ್ಯದಲ್ಲಿ ಒಂದು ಸಲವಾದರೂ, ಕೈತಪ್ಪಿ ಹೋದದ್ದು ಹೇಗಿತ್ತು ಎಂದು ನೋಡುವ ಚಪಲ. ಅವಳು "ರೀ, ಬೇಡ" ಎನ್ನುವಷ್ಟರಲ್ಲಿ ಬಿಚ್ಚಿಯಾಗಿತ್ತು.

ಅದರಲ್ಲೂ ನಂದಬಟ್ಟಲು!

"ಇದೇನೇ ಇದು? ಎರಡೂ ಬಿಳೀನೇ! ಮೋಸ!"

"ಮೋಸ ಏನು ಬಂತು? ಅವತ್ತು ಅಂಗಡೀಲಿ ಯಾವ್ದನ್ನ ಜೇಬಿಗೆ ಹಾಕ್ಕೊಂಡು ಹೊರಟಿದ್ರಿ? ನೀಲೀನೇ ತಾನೆ? ನಿಮಗೇನು ಬೇಕು ಅನ್ನೋದು ಊರಿಗೆಲ್ಲ ಗೊತ್ತಾಗುತ್ತೆ, ನಿಮಗೊಬ್ರಿಗೆ ಗೊತ್ತಾಗಲ್ಲ." ಆಮೇಲೆ, "ಇದು ನಂಗೆ ಹೇಳಿಕೊಟ್ಟಿದ್ದು ಸುಬ್ಬತ್ತೇನೇ" ಎಂದಳು.

"ಅತ್ತೆಯಾ?"

"ಕೊನೆಗಾಲದಲ್ಲಿ ಹಾಸಿಗೆ ಹಿಡಿದಿದ್ರಲ್ಲ, ದಿನಾ ನಾನೇ ಗಂಜಿ ಕುಡಿಸ್ತಿದ್ದೆ. ಒಂದು ದಿನ ಅಂದ್ರು, 'ನಿನ್ನನ್ನ ಗೊತ್ತು ಮಾಡಿದ ದಿನ ಎರಡು ಪೊಟ್ಟಣದಲ್ಲೂ ನಂದಬಟ್ಟಲೇ ಇತ್ತು ಕಣೇ. ಮುಂಡೇದು ಬನಶಂಕರಿಗೆ ಹೋಗಿ ತನ್ನ ಚಪ್ಪಲಿ ಮೆಟ್ಕೊಂಡೇ ಬಂತು. ನಿಮ್ಮನೆಗೆ ಹೋಗಿ ನಿಮ್ಮಪ್ಪನ ಚಪ್ಪಲೀಲಿ ಬಂತು. ಇನ್ನು ದೇವ್ರನ್ನ ಏನು ಕೇಳೋದು?' ಅಂತ."

ನಾನು ದೇವರಮನೆಯ ಹೊಸ್ತಿಲ ಮೇಲೇ ಕುಳಿತುಬಿಟ್ಟೆ. ನುಗ್ಗೆಮರದ ಬುಡ ಕಣ್ಣ ಮುಂದೆ ಬಂತು. ಎಷ್ಟು ವರ್ಷದ ಭಯ, ಅದೆಲ್ಲ ಸುಳ್ಳು! ಆಚೆಗೆ ಕೈ ಹೋಗಿದ್ದರೂ ಇವಳೇ ಬರುತ್ತಿದ್ದಳು. ಸಂತೋಷದಲ್ಲಿ ಅಳು ಬಂದಂತಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು.

"ಅತ್ತೆ ಹೋಗಿ ಎಷ್ಟು ಕಾಲ ಆಯ್ತು! ಎಲ್ಲಾ ಗೊತ್ತಿದ್ದೂ ನಂದಬಟ್ಟಲಲ್ಲಿ ಬಂದೋಳು ಅಂತ ಚುಚ್ತಾನೇ ಇದ್ಯಲ್ಲೇ?"

ಅವಳು ಬಿಚ್ಚಿದ ಕಾಗದವನ್ನು ಮಡಿಸುತ್ತ, ನನ್ನ ಕಡೆ ನೋಡದೆ ಹೇಳಿದಳು. "ಚುಚ್ಚಿದ್ರೆ ಒಂದು ಸಲನಾದ್ರೂ, ಇಲ್ಲ ಕಣೇ, ನಾನೇ ಮೆಚ್ಚಿ ತಂದೋಳು ನೀನು ಅಂತೀರೇನೋ ಅಂತ ಕಾಯ್ತಿದ್ದೆ. ಅತ್ತೆ ಬಾಯಲ್ಲಿ ಕೇಳಿದ್ದಾಯ್ತು. ನಿಮ್ಮ ಬಾಯಲ್ಲಿ ಕೇಳ್ಬೇಕಿತ್ತು ನಂಗೆ. ನೀವು ಕರಿಬೇವು ತರೋಕೆ ಹೋಗ್ತಿದ್ರಿ."

ಈ ಸಲ ಕರಿಬೇವಿಗೆ ಹೋಗುವಂತಿರಲಿಲ್ಲ.

"ಅವತ್ತು ನಿಮ್ಮನೇಲಿ ಒಳಗಿಂದ ನಕ್ಕಿದ್ದು ನೀನೇ ತಾನೆ?"

"ಹೂಂ. ನೀವು ಖಾಲಿ ಲೋಟಾನ ಬಾಯಿಗಿಟ್ಟು ನೀರು ಕುಡೀತಿದ್ರಿ. ಬಾಗಿಲ ಸಂದಿಯಿಂದ ಕಾಣಿಸ್ತು."

"ಆ ನಗು ಕೇಳಿದ ಮೇಲೆ ನನಗೆ ಇನ್ಯಾರೂ ಬೇಕಾಗಿರಲಿಲ್ಲ ಸುಮಿ. ನೀನೇ ಬೇಕಾಗಿತ್ತು. ಹೇಳೋಕೆ ಗೊತ್ತಾಗ್ಲಿಲ್ಲ, ಅಷ್ಟೇ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಎರಡೂ ನಂದಬಟ್ಟಲನ್ನು ತುರುಬಿಗೆ ಸಿಕ್ಕಿಸಿಕೊಂಡು, "ನಿಮ್ಮ ಕಾಫಿ ಆರಿಹೋಗಿದೆ, ಬಿಸಿ ಮಾಡ್ತೀನಿ" ಎಂದು ಒಳಗೆ ಹೋದಳು.

ಮಧ್ಯಾಹ್ನ ಅಂಗಡಿಗೆ ಹೋದೆವು. ಹುಡುಗಿ ನಮ್ಮನ್ನು ಗುರುತು ಹಿಡಿದಳು. "ಡಿಸೈಡ್ ಮಾಡಿದ್ರಾ ಸಾರ್?" ಎಂದಳು. "ನೀಲಿ" ಎಂದೆ, ಅದೂ ಒಂದೇ ಉಸಿರಿನಲ್ಲಿ. ಆಮೇಲೆ ಅವಳು ಕವರುಗಳ ಡಬ್ಬಿ ತೆಗೆದು ಪಾರದರ್ಶಕ ಬೇಕೋ ಕಂದು ಬೇಕೋ ಎಂದು ಕೇಳಿದಳು. ಅಲ್ಲಿ ಕಾಲು ಗಂಟೆ ಹಿಡಿಯಿತು. ಒಂದೇ ದಿನದಲ್ಲಿ ಮನುಷ್ಯ ಎಷ್ಟು ಅಂತ ಬದಲಾಗುತ್ತಾನೆ!

ಈಗ ಹೊಸ ಫೋನು ಮೇಜಿನ ಮೇಲಿದೆ. ಎರಡೂ ಕವರು ತಂದಿದ್ದೇನೆ, ಯಾವುದನ್ನು ಹಾಕುವುದೆಂದು ಇನ್ನೂ ತಿಳಿದಿಲ್ಲ. ಸುಬ್ಬತ್ತೆಯ ಬಗ್ಗೆ ಇನ್ನೊಂದು ಮಾತು ಹೇಳಿ ಇದನ್ನು ಮುಗಿಸಬೇಕೆಂದಿದ್ದೆ. ಒಳಗೆ ಸುಮಿತ್ರ ತನ್ನ ತಂಗಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಾಳೆ, ಬಹುಶಃ ನನ್ನ ವಿಷಯವೇ ಇರಬೇಕು, ತಡೆಯಲಾರದೆ ನಕ್ಕಳು. ಏನು ಹೇಳಬೇಕೆಂದಿದ್ದೆನೋ ಮರೆತುಹೋಯಿತು.