ಈಚೆ ಬ್ಯಾಂಕಿನಿಂದ ಆಚೆ ಬ್ಯಾಂಕಿಗೆ

ಅಂಟಕ್ಕನಿಗೆ ಆ ಹೆಸರು ಬಂದದ್ದು ಕೈಯಿಂದ. ಮೂವತ್ತೊಂದು ವರ್ಷ ಪುಸ್ತಕಗಳ ಬೆನ್ನಿಗೆ ಅಂಟು ಬಳಿದು ಅವಳ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ಗೆರೆಗಳು ಮುಚ್ಚಿಹೋಗಿವೆ. ಬೆರಳು ಇಟ್ಟರೆ ಅವಳ ಫೋನು ತೆರೆಯುವುದಿಲ್ಲ, ಅಂಕಿ ಒತ್ತಬೇಕು. ವಯಸ್ಸು ಐವತ್ನಾಲ್ಕು. ಗಂಡ ಬಸ್ ಕಂಡಕ್ಟರ್. ಮಕ್ಕಳಿಲ್ಲ, ಯಾರಾದರೂ ಆ ಮಾತು ಎತ್ತಿದರೆ ಪುಸ್ತಕದ ಕಪಾಟಿನ ಕಡೆ ಕೈ ತೋರಿಸಿ "ಇವೆಲ್ಲ ಸಾಲದಾ?" ಎನ್ನುತ್ತಾಳೆ. ಬೈಂಡಿಂಗ್ ಅಂಗಡಿಯಲ್ಲಿ ಅವಳ ಜೊತೆಗಿರುವುದು ತಮ್ಮನೊಬ್ಬನೇ. ಅವನು ಹೊಲಿಯುತ್ತಾನೆ, ಅವಳು ಅಂಟಿಸುತ್ತಾಳೆ, ದಿನವಿಡೀ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ.

ಅಂಗಡಿ ಹತ್ತು ಅಡಿ ಅಗಲ, ಹದಿನಾರು ಅಡಿ ಉದ್ದ. ಕಾಲೇಜಿನ ಪ್ರಬಂಧಗಳು, ವಕೀಲರ ಕಾನೂನು ಪುಸ್ತಕಗಳು, ಹೊಲಿಗೆ ಬಿಟ್ಟ ನಿಘಂಟುಗಳು, ಆಸ್ಪತ್ರೆಯ ರಿಜಿಸ್ಟರುಗಳು ಅಲ್ಲಿಗೆ ಬರುತ್ತವೆ. ಎಲ್ಲ ಕೆಲಸ ಒಳಗೇ ಆಗುತ್ತದೆ, ಒಂದನ್ನು ಬಿಟ್ಟು. ಹೊಲಿದ ಪುಸ್ತಕದ ಮೂರು ಅಂಚುಗಳನ್ನು ಸಮನಾಗಿ ಕತ್ತರಿಸಲು ಬೀಡು ಕಬ್ಬಿಣದ ದೊಡ್ಡ ಕಟಿಂಗ್ ಮೆಷಿನ್ ಬೇಕು. ಅದು ಇದ್ದದ್ದು ನಾಲ್ಕು ಅಂಗಡಿ ದಾಟಿದರೆ ಸಿಗುವ ಪ್ರೆಸ್ಸಿನಲ್ಲಿ. ಹತ್ತೊಂಬತ್ತು ವರ್ಷ ಅವಳು ಪುಸ್ತಕಗಳನ್ನು ಸೊಂಟಕ್ಕೆ ಆನಿಸಿಕೊಂಡು ಅಲ್ಲಿಗೆ ಹೋಗಿ, ತಾನೇ ಕತ್ತರಿಸಿಕೊಂಡು, ತಿಂಗಳ ಕೊನೆಗೆ ಅಂಗಡಿಯ ಖಾತೆಯಿಂದ ಪ್ರೆಸ್ಸಿಗೆ ಬಾಡಿಗೆ ಕಳಿಸುತ್ತಿದ್ದಳು.

ಕತ್ತರಿಸುವುದರಲ್ಲಿ ಅವಳದೊಂದು ಪದ್ಧತಿ. ಮೊದಲು ಪುಸ್ತಕದಷ್ಟೇ ದಪ್ಪದ ರದ್ದಿ ಕಾಗದ ಇಟ್ಟು ಬ್ಲೇಡು ಇಳಿಸುತ್ತಾಳೆ. ಅಂಚು ನೆಟ್ಟಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾಳೆ. ಆಮೇಲೆ ಪುಸ್ತಕ. ಒಮ್ಮೆ ಕತ್ತರಿಸಿದ್ದನ್ನು ಯಾವ ಅಂಟಿನಿಂದಲೂ ಸರಿಮಾಡಲು ಬರುವುದಿಲ್ಲ. ಪ್ರೆಸ್ಸಿನವರು ನಗುತ್ತಿದ್ದರು: "ಅಂಟಕ್ಕ ಬಂದ್ರು, ರದ್ದಿ ಕೊಡ್ರೋ."

ಪ್ರೆಸ್ಸು ಮುಚ್ಚುವುದು ನಿಶ್ಚಯವಾದಾಗ ಯಜಮಾನರು ಮೆಷಿನನ್ನು ಅವಳಿಗೇ ಕೊಡಲು ಒಪ್ಪಿದ್ದರು. ಒಂದು ಲಕ್ಷ ಎಂಬತ್ತು ಸಾವಿರ, ತಿಂಗಳ ಕೊನೆಗೆ ಎಂದು ಮಾತಾಗಿತ್ತು. ಕಟ್ಟಡದ ಮಾಲೀಕ ಅಷ್ಟು ದಿನ ಕಾಯಲಿಲ್ಲ. ಒಂದು ಬುಧವಾರ ಸಂಜೆ ಯಜಮಾನರು ಅಂಗಡಿಯ ಬಾಗಿಲಿಗೆ ಬಂದು ನಿಂತರು.

"ಅಂಟಕ್ಕ, ನಾಳೆ ಸಂಜೆಗೆ ಬೀಗದ ಕೈ ಕೊಡಬೇಕಂತೆ. ಐದಕ್ಕೆ ಗುಜರಿಯವನ ಲಾರಿ ಬರುತ್ತೆ. ನಾಲ್ಕರೊಳಗೆ ದುಡ್ಡು ಬಂದ್ರೆ ಮೆಷಿನ್ ನಿಮ್ದು. ಆಮೇಲೆ ನನ್ನ ಕೈಲಿಲ್ಲ."

"ಮಧ್ಯಾಹ್ನಕ್ಕೇ ಹಾಕ್ತೀನಿ ಬಿಡಿ."

"ಅಂಗಡಿ ಖಾತೆಯಿಂದಾನೇ ಹಾಕಿ. ಬಿಲ್ಲು ಅಂಗಡಿ ಹೆಸರಿಗೆ. ಬೇರೆ ಕಡೆಯಿಂದ ಬಂದ್ರೆ ನಮ್ಮ ಆಡಿಟರು ನನ್ನ ತಲೆ ತಿಂತಾರೆ."

ಹಣ ಇತ್ತು. ಎಂಟು ವರ್ಷ ಕೂಡಿಟ್ಟದ್ದು. ಆದರೆ ಅದು ಅವಳ ಸ್ವಂತ ಉಳಿತಾಯ ಖಾತೆಯಲ್ಲಿತ್ತು. ಅಂಗಡಿಯ ಖಾತೆ ಇದ್ದದ್ದು ಬೇರೆ ಬ್ಯಾಂಕಿನಲ್ಲಿ. ಎರಡೂ ಬ್ಯಾಂಕುಗಳು ಒಂದೇ ರಸ್ತೆಯಲ್ಲಿ ಎದುರುಬದುರು. ಅಕ್ಕ ತಮ್ಮಂದಿರ ಬಾಯಲ್ಲಿ ಅವಳ ಉಳಿತಾಯದ್ದು ಈಚೆ ಬ್ಯಾಂಕು, ಅಂಗಡಿಯದು ಆಚೆ ಬ್ಯಾಂಕು. ಬಾಗಿಲಿನಿಂದ ಬಾಗಿಲಿಗೆ ನಲವತ್ತೆರಡು ಹೆಜ್ಜೆ. ಎಣಿಸುವಷ್ಟು ಸಲ ಆ ಗುರುವಾರ ಅವಳು ರಸ್ತೆ ದಾಟಿದ್ದಾಳೆ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಫೋನು ಹಿಡಿದು ಕೂತಳು. ಈಚೆ ಬ್ಯಾಂಕಿನ ಆ್ಯಪಿನಲ್ಲಿ ಹಣ ಪಡೆಯುವವರ ಪಟ್ಟಿಗೆ ತನ್ನದೇ ಅಂಗಡಿಯ ಖಾತೆಯನ್ನು ಸೇರಿಸಿದಳು. ತಮ್ಮ ಸೂಜಿಗೆ ದಾರ ಪೋಣಿಸುತ್ತ ನೋಡುತ್ತಿದ್ದ.

"ಹಾಕ್ಬಿಡು ಅಕ್ಕ, ಒಂದೇ ಏಟಿಗೆ."

"ಲೋ, ಎಂಟು ವರ್ಷದ ದುಡ್ಡು. ಮೊದಲು ಒಂದು ರೂಪಾಯಿ ಕಳಿಸಿ ನೋಡ್ತೀನಿ. ಸರಿಯಾದ ಜಾಗಕ್ಕೆ ಹೋಗಲಿ, ಆಮೇಲೆ ಉಳಿದಿದ್ದು."

ಒಂದು ರೂಪಾಯಿ ಹೋಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಆಚೆ ಬ್ಯಾಂಕಿನಿಂದ ಸಂದೇಶ ಬಂತು. ಅವಳಿಗೆ ಸಮಾಧಾನವಾಯಿತು. ಪೂರ್ತಿ ಮೊತ್ತ ಬರೆದು ಒತ್ತಿದಳು. ಪರದೆಯ ಮೇಲೆ ಕೆಂಪು ಅಕ್ಷರ: ಹೊಸದಾಗಿ ಸೇರಿಸಿದವರಿಗೆ ಮೊದಲ ಇಪ್ಪತ್ನಾಲ್ಕು ಗಂಟೆಯಲ್ಲಿ ಒಂದು ಸಲ ಮಾತ್ರ ಹಣ ಕಳಿಸಬಹುದು.

ಆ ಒಂದು ಸಲ ಮುಗಿದಿತ್ತು.

ಹನ್ನೆರಡಕ್ಕೆ ಇಬ್ಬರೂ ಈಚೆ ಬ್ಯಾಂಕಿನ ಕೌಂಟರಿನಲ್ಲಿದ್ದರು. ಗುಮಾಸ್ತ ಪರದೆ ನೋಡಿ ತಲೆ ಅಲ್ಲಾಡಿಸಿದ.

"ನಿಯಮ ಮೇಡಂ. ನೀವು ಮೊದಲನೇ ಸಲಕ್ಕೇ ಪೂರ್ತಿ ಕಳಿಸಿದ್ರೆ ಹೋಗ್ತಿತ್ತು."

"ಅಂದ್ರೆ ನೋಡಿಕೊಂಡು ಕಳಿಸೋರಿಗೆ ಶಿಕ್ಷೆ, ಕಣ್ಣು ಮುಚ್ಚಿ ಕಳಿಸೋರಿಗೆ ಬಹುಮಾನ?"

"ನಿಮ್ಮ ಸುರಕ್ಷತೆಗೇ ಮೇಡಂ."

"ನಗದು ಕೊಡಪ್ಪ. ಎದುರುಗಡೆ ನಾನೇ ಕಟ್ಟಿಬರ್ತೀನಿ."

"ಇಷ್ಟು ದೊಡ್ಡ ಮೊತ್ತಕ್ಕೆ ಹಿಂದಿನ ದಿನವೇ ಬರೆದುಕೊಡಬೇಕಿತ್ತು. ಫಾರಂ ತುಂಬಿ, ಇಲ್ಲಿಂದಲೇ ಕಳಿಸೋಣ. ಇವತ್ತೇ ಹೋಗುತ್ತೆ."

ಫಾರಂ ಎರಡು ಪುಟ ಇತ್ತು. ಅವಳು ನಿಧಾನವಾಗಿ, ದುಂಡು ಅಕ್ಷರದಲ್ಲಿ ತುಂಬಿದಳು. ಗುಮಾಸ್ತ ಅದನ್ನು ಹಿಂದಕ್ಕೆ ತಳ್ಳಿದ.

"ಪಡೆಯುವವರೊಂದಿಗೆ ಸಂಬಂಧ ಅಂತ ಇದೆಯಲ್ಲ, ಖಾಲಿ ಬಿಟ್ಟಿದ್ದೀರ."

"ಪಡೆಯೋಳು ನಾನೇ."

"ಆದ್ರೂ ಏನಾದ್ರೂ ಬರೀಬೇಕು."

"ನನಗೆ ನಾನು ಏನಾಗಬೇಕು ಅಂತ ನೀನೇ ಹೇಳಪ್ಪ!"

"ದೂರದ ಸಂಬಂಧ ಅಂತ ಬರಿ ಅಕ್ಕ," ಎಂದ ತಮ್ಮ. "ನಲವತ್ತು ಹೆಜ್ಜೆ ದೂರ."

ಅವಳು ತಮ್ಮನ ಕಡೆ ನೋಡಿದ ನೋಟಕ್ಕೆ ಅವನು ಹೋಗಿ ಬೆಂಚಿನ ಮೇಲೆ ಕೂತ. ಕೊನೆಗೆ ಗುಮಾಸ್ತನೇ "ಸ್ವಂತ" ಎಂದು ಬರೆಸಿಕೊಂಡ. ಮ್ಯಾನೇಜರ ಸಹಿ ಬೇಕಿತ್ತು. ಮ್ಯಾನೇಜರು ಊಟಕ್ಕೆ ಹೋಗಿದ್ದರು. ಬಂದದ್ದು ಒಂದೂ ಮುಕ್ಕಾಲಿಗೆ. ಎರಡು ಗಂಟೆ ಎರಡು ನಿಮಿಷಕ್ಕೆ ಅವಳ ಫೋನಿಗೆ ಸಂದೇಶ ಬಂತು: ಖಾತೆಯಿಂದ ಒಂದು ಲಕ್ಷ ಎಂಬತ್ತು ಸಾವಿರ ಕಳೆಯಲಾಗಿದೆ.

ಇಬ್ಬರೂ ರಸ್ತೆ ದಾಟಿದರು. ಆಚೆ ಬ್ಯಾಂಕಿನ ಕೌಂಟರಿನ ಹೆಂಗಸು ಖಾತೆ ತೆರೆದು ನೋಡಿದಳು. "ಒಂದು ರೂಪಾಯಿ ಬಂದಿದೆ ಅಮ್ಮ."

"ಅದಲ್ಲ, ಆಮೇಲಿಂದು."

"ಆಮೇಲೆ ಏನೂ ಬಂದಿಲ್ಲ."

ಎರಡೂವರೆಗೆ ಈಚೆ. "ಇಲ್ಲಿಂದ ಹೋಗಿದೆ ಮೇಡಂ." ಮೂರಕ್ಕೆ ಆಚೆ. "ಇಲ್ಲಿಗೆ ಬಂದಿಲ್ಲ ಅಮ್ಮ." ಮೂರೂ ಇಪ್ಪತ್ತಕ್ಕೆ ಮತ್ತೆ ಈಚೆ. ಬಸ್ಸಿನಲ್ಲಿದ್ದ ಗಂಡ ಫೋನು ಮಾಡಿ "ಕೋಪ ಮಾಡ್ಕೋಬೇಡ, ಬಿಪಿ ಏರುತ್ತೆ" ಎಂದ. "ನೀನು ಟಿಕೆಟ್ ಹರಿ," ಎಂದು ಅವಳು ಫೋನಿಟ್ಟಳು.

ಅವಳದು ಕೂಗಾಡುವ ಕೋಪವಲ್ಲ. ಕೋಪ ಬಂದಾಗ ದನಿ ಇಳಿಯುತ್ತದೆ, ಪದಗಳು ಒಂದೊಂದಾಗಿ ಬರುತ್ತವೆ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಅವಳು ಗುಮಾಸ್ತನ ಮುಂದೆ ಎರಡೂ ಕೈ ಊರಿ ನಿಂತು ಕೇಳಿದಳು: "ಆ ಖಾತೆ ನಂದು. ಈ ಖಾತೆ ನಂದು. ಇಲ್ಲೂ ಇಲ್ಲ, ಅಲ್ಲೂ ಇಲ್ಲ. ರಸ್ತೆ ಮಧ್ಯ ನಿಂತಿದೆಯಾ ನನ್ನ ದುಡ್ಡು? ಹೋಗಿ ಎತ್ಕೊಂಡು ಬರ್ಲಾ?" ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಗುಮಾಸ್ತ ಎದ್ದು ಮ್ಯಾನೇಜರ ಕೋಣೆಗೆ ಹೋದ.

ಪ್ರೆಸ್ಸಿನ ಯಜಮಾನರಿಗೆ ತಮ್ಮ ಫೋನು ಮಾಡಿದ. "ಐದರವರೆಗೆ ತಡೀತೀನಿ. ಅದಕ್ಕಿಂತ ಆಗಲ್ಲಪ್ಪ," ಎಂದರು ಅವರು.

ನಾಲ್ಕೂವರೆಗೆ ಮ್ಯಾನೇಜರಿಗೆ ವಿಷಯ ತಿಳಿಯಿತು. ಹಣ ಬ್ಯಾಂಕಿನಿಂದ ಹೊರಗೇ ಹೋಗಿರಲಿಲ್ಲ. ಮುಖ್ಯ ಕಚೇರಿಯ ಕಂಪ್ಯೂಟರು ಅದನ್ನು ತಡೆಹಿಡಿದಿತ್ತು. ಹೊಸದಾಗಿ ಸೇರಿಸಿದ ಖಾತೆಗೆ ಮೊದಲು ಒಂದು ರೂಪಾಯಿ, ಅದರ ಹಿಂದೆಯೇ ದೊಡ್ಡ ಮೊತ್ತ: ವಂಚಕರು ಹಾಗೆ ಮಾಡುತ್ತಾರಂತೆ.

"ಅಂದ್ರೆ ನನ್ನ ದುಡ್ಡನ್ನ ನಾನೇ ಕದೀತಿದ್ದೀನಿ ಅಂತ ನಿಮ್ಮ ಅನುಮಾನ."

"ಅನುಮಾನ ಅಲ್ಲಮ್ಮ, ಪರಿಶೀಲನೆ. ಅವರೇ ನಿಮಗೆ ಫೋನು ಮಾಡ್ತಾರೆ. ಖಚಿತಪಡಿಸಿದ ತಕ್ಷಣ ಹೋಗುತ್ತೆ."

"ಯಾವಾಗ ಮಾಡ್ತಾರೆ?"

"ಸರದಿ ಪ್ರಕಾರ."

ಅವಳು ಬ್ಯಾಂಕಿನಲ್ಲಿ ಕಾಯಲಿಲ್ಲ. ಪ್ರೆಸ್ಸಿಗೆ ನಡೆದಳು. ಲಾರಿ ಬಾಗಿಲಿಗೆ ಹಿಮ್ಮುಖವಾಗಿ ನಿಂತಿತ್ತು. ಅಚ್ಚಿನ ಯಂತ್ರಗಳು ಆಗಲೇ ಹೋಗಿದ್ದವು. ನೆಲದ ಮೇಲೆ ಅವುಗಳ ಎಣ್ಣೆಯ ಗುರುತು ಮಾತ್ರ. ಕಟಿಂಗ್ ಮೆಷಿನ್ ಒಂದೇ ನಡುವೆ ಉಳಿದಿತ್ತು. ಕೈಚಕ್ರ ಹೊರಕ್ಕೆ ಚಾಚಿದ್ದರಿಂದ ಅದು ಬಾಗಿಲಿನಲ್ಲಿ ಹಿಡಿಸುತ್ತಿರಲಿಲ್ಲ. ಗುಜರಿಗೆ ಹೋಗುವ ಮಾಲಿನ ಬೋಲ್ಟು ಯಾರೂ ಬಿಚ್ಚುವುದಿಲ್ಲ. ಗುಜರಿಯವನ ಆಳು ದೊಡ್ಡ ಸುತ್ತಿಗೆ ಹಿಡಿದು ನಿಂತಿದ್ದ.

"ಹತ್ತು ನಿಮಿಷ ತಡೀರಿ," ಎಂದಳು ಅಂಟಕ್ಕ.

"ಐದಾಯ್ತಲ್ಲಮ್ಮ," ಎಂದ ಗುಜರಿಯವನು. "ಹತ್ತತ್ತು ನಿಮಿಷ ಅಂತ ನಿಂತ್ರೆ ಲಾರಿ ಬಾಡಿಗೆ ಯಾರು ಕೊಡ್ತಾರೆ?" ಯಜಮಾನರು ಬೀಗದ ಕೈ ಹಿಡಿದು ಗೋಡೆ ನೋಡುತ್ತಿದ್ದರು. ಕಟ್ಟಡದ ಮಾಲೀಕ ಹೊರಗೆ ಕಾಯುತ್ತಿದ್ದ.

ಮೊದಲ ಪೆಟ್ಟು ಬಿತ್ತು. ಅದೇ ಹೊತ್ತಿಗೆ ಅವಳ ಫೋನು ಹೊಡೆದುಕೊಂಡಿತು. ಬ್ಯಾಂಕಿನ ಮುಖ್ಯ ಕಚೇರಿಯ ಹೆಣ್ಣುದನಿ, ಬಹಳ ಮೃದು.

"ಮೇಡಂ, ಈ ಹಣವನ್ನು ನೀವು ಸ್ವಇಚ್ಛೆಯಿಂದ ಕಳಿಸ್ತಿದ್ದೀರಾ?"

"ಹೌದು. ಬೇಗ."

"ಪಡೆಯುವವರು ನಿಮಗೆ ಪರಿಚಯದವರಾ?"

"ಐವತ್ನಾಲ್ಕು ವರ್ಷದಿಂದ."

ಎರಡನೇ ಪೆಟ್ಟು. ಚಕ್ರದ ಅರ್ಧ ಮುರಿದು ನೆಲಕ್ಕೆ ಬಿತ್ತು.

"ಮೇಡಂ, ಏನೋ ಶಬ್ದ ಆಗ್ತಿದೆ. ನಿಮ್ಮನ್ನ ಯಾರಾದ್ರೂ ಬಲವಂತ ಮಾಡ್ತಿದ್ದಾರಾ?"

"ನೀವು!" ಆ ದಿನ ಅವಳು ಕೂಗಿದ್ದು ಅದೊಂದೇ ಸಲ. "ನನ್ನ ಮೆಷಿನ್ ಒಡೀತಿದಾರೆ. ನೀವು ದುಡ್ಡು ಹಿಡ್ಕೊಂಡು ಕೂತಿದ್ದಕ್ಕೆ ಒಡೀತಿದಾರೆ. ಬಿಡ್ರೀ ಅದನ್ನ!"

ಸುತ್ತಿಗೆಯವನು ಗಾಬರಿಯಾಗಿ ಕೈ ತಡೆದ. ಐದು ಗಂಟೆ ಹನ್ನೆರಡು ನಿಮಿಷಕ್ಕೆ ಹಣ ಆಚೆ ಬ್ಯಾಂಕಿನ ಖಾತೆಗೆ ಬಂತು. ಅಲ್ಲಿಂದ ಯಜಮಾನರಿಗೆ ಕಳಿಸಲು ಯಾವ ಫಾರಮ್ಮೂ ಬೇಕಾಗಲಿಲ್ಲ. ಹತ್ತೊಂಬತ್ತು ವರ್ಷದಿಂದ ಬಾಡಿಗೆ ಹೋಗುತ್ತಿದ್ದ ಖಾತೆ. ಅವಳು ಒತ್ತಿ ತಲೆ ಎತ್ತುವಷ್ಟರಲ್ಲಿ ಯಜಮಾನರ ಜೇಬು ಸದ್ದು ಮಾಡಿತು. ಪರರಿಗೆ ಒಂದು ಕ್ಷಣ. ತನ್ನಿಂದ ತನಗೆ ಆರು ಗಂಟೆ.

ಗುಜರಿಯವನು ತೂಕ ಹಾಕಿಯೇ ದುಡ್ಡು ಕೊಡುವವನಾದ್ದರಿಂದ ಮೆಷಿನ್ ಇನ್ನೂ ಯಜಮಾನರದೇ ಆಗಿತ್ತು. ಅವರು ಅಲ್ಲೇ ನಿಂತು ಅಂಗಡಿಯ ಹೆಸರಿಗೆ ಬಿಲ್ಲು ಬರೆದರು. ಅರ್ಧ ಚಕ್ರ ಹೋಗಿದ್ದರಿಂದ ಮೆಷಿನ್ ಸುಲಭವಾಗಿ ಬಾಗಿಲು ದಾಟಿತು. ಗುಜರಿಯವನು ಅದನ್ನು ತೋರಿಸಿ "ನೋಡಿ ಅಮ್ಮ, ನಾನು ಉಪಕಾರಾನೇ ಮಾಡಿದ್ದು" ಎಂದ.

ಬೀಡು ಕಬ್ಬಿಣಕ್ಕೆ ಬೆಸುಗೆ ನಿಲ್ಲುವುದಿಲ್ಲ. ಹೊಸ ಚಕ್ರ ಎರಕ ಹೊಯ್ಯಿಸಲು ಹನ್ನೊಂದು ದಿನ ಹಿಡಿಯಿತು, ಹದಿನಾಲ್ಕೂವರೆ ಸಾವಿರ ಖರ್ಚಾಯಿತು. ಅಷ್ಟು ದಿನ ಹೊಲಿದ ಪುಸ್ತಕಗಳು ಅಂಚು ಕತ್ತರಿಸದೆ ರಾಶಿ ಬಿದ್ದಿದ್ದವು. ಆಸ್ಪತ್ರೆಯವರು ಕಾದು ಬೇಸತ್ತು ರಿಜಿಸ್ಟರುಗಳನ್ನು ಬೇರೆಯವರಿಗೆ ಕೊಟ್ಟರು. ಅವಳು ಎರಕದ ಬಿಲ್ಲು ಲಗತ್ತಿಸಿ ಈಚೆ ಬ್ಯಾಂಕಿಗೆ ಪತ್ರ ಬರೆದಳು. ಮೂರು ವಾರಕ್ಕೆ ಮುಖ್ಯ ಕಚೇರಿಯಿಂದ ಉತ್ತರ ಬಂತು: ನಿಮ್ಮ ವಹಿವಾಟು ಅದೇ ದಿನ ಯಶಸ್ವಿಯಾಗಿ ಪೂರ್ಣಗೊಂಡಿದೆ, ಉಂಟಾದ ಅನನುಕೂಲಕ್ಕೆ ವಿಷಾದಿಸುತ್ತೇವೆ.

ಮುಂದಿನ ಸೋಮವಾರ ಅಕ್ಕ ತಮ್ಮ ಇಬ್ಬರೂ ಮುರಿದ ಅರ್ಧ ಚಕ್ರವನ್ನು ಗೋಣಿಯಲ್ಲಿ ಹೊತ್ತು ಬ್ಯಾಂಕಿಗೆ ಹೋದರು. ಮ್ಯಾನೇಜರ ಮೇಜಿನ ಮೇಲೆ ಇಟ್ಟರು. ಮೇಜಿನ ಗಾಜು ಕಿರ್ ಎಂದಿತು.

"ಏನಮ್ಮ ಇದು?"

"ನಿಮ್ಮ ಯಶಸ್ವಿ ವಹಿವಾಟು."

"ಕೂತ್ಕೊಳಿ, ನೀರು ಕುಡೀರಿ. ನೋಡಿ, ನಿಮ್ಮ ದುಡ್ಡು ಒಂದು ಪೈಸೆ ಕಳೆದುಹೋಗಿಲ್ಲ. ನೀವು ಆ ಒಂದು ರೂಪಾಯಿ ಕಳಿಸದೇ ಇದ್ದಿದ್ರೆ..."

"ಹಾಗಂತ ಬರೆದುಕೊಡಿ. ನೋಡಿಕೊಂಡು ಕೆಲಸ ಮಾಡಿದ್ದು ನಿನ್ನ ತಪ್ಪು ಅಂತ ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಡಿ. ಕಟ್ಟು ಹಾಕಿಸಿ ಅಂಗಡೀಲಿ ತೂಗುಹಾಕ್ತೀನಿ."

ಮ್ಯಾನೇಜರು ಬರೆಯಲಿಲ್ಲ. ನೀರಿನ ಲೋಟವನ್ನು ಅವಳ ಕಡೆ ಸರಿಸಿ ಹೇಳಿದರು: "ಇಷ್ಟು ಕೋಪ ಇದ್ರೆ ಖಾತೆ ಮುಚ್ಚಿಬಿಡಿ. ನಾನೇ ನಿಂತು ಐದು ನಿಮಿಷದಲ್ಲಿ ಮಾಡಿಸಿಕೊಡ್ತೀನಿ."

"ಇದು ಮಾತ್ರ ಐದು ನಿಮಿಷಕ್ಕೆ ಆಗುತ್ತಾ?"

ಕೋಣೆಯ ಗಾಜಿನ ಗೋಡೆಯ ಆಚೆ ಯಾರೋ ನಕ್ಕರು. ಅಂಟಕ್ಕ ಕುರ್ಚಿ ಎಳೆದು ಕೂತಳು. "ಮುಚ್ಚಲ್ಲ. ಮುಚ್ಚಿದ್ರೆ ನಾಳೆ ಬಾಗಿಲಲ್ಲೇ ನೀವು ಯಾರು ಅಂತ ಕೇಳ್ತೀರ. ಖಾತೆ ಇರೋವರೆಗೂ ಒಳಗೆ ಬಂದು ಬೈಯೋ ಹಕ್ಕಿದೆ ನನಗೆ. ಬರೀರಿ ಇನ್ನೊಂದು ಪತ್ರ, ಮುಖ್ಯ ಕಚೇರಿಗೆ, ನನ್ನ ಮುಂದೆ."

ಮ್ಯಾನೇಜರು ಗುಮಾಸ್ತನನ್ನು ಕರೆದರು. ಗುಮಾಸ್ತ ಟೈಪು ಮಾಡಿ ತಂದದ್ದನ್ನು ಅವಳು ಕೊನೆಯವರೆಗೂ ಓದಿದಳು. ಮೂರನೇ ಸಾಲಿನಲ್ಲಿ ಗ್ರಾಹಕರಿಗೆ ಉಂಟಾದ ಅನನುಕೂಲ ಎಂದಿತ್ತು. ಅವಳು ಅದರ ಮೇಲೆ ಬೆರಳಿಟ್ಟಳು.

"ಅನನುಕೂಲ ಅಂದ್ರೆ ಬಸ್ಸಲ್ಲಿ ಸೀಟು ಸಿಗದೇ ಇರೋದು. ಇದು ನಷ್ಟ. ನಷ್ಟ ಅಂತ ಬರೀರಿ. ಎಷ್ಟು ಅಂತಾನೂ ಬರೀರಿ."

ಗುಮಾಸ್ತ ಮ್ಯಾನೇಜರ ಮುಖ ನೋಡಿದ. ಅವರು ಕಬ್ಬಿಣದ ತುಂಡನ್ನು ನೋಡುತ್ತಿದ್ದರು. ಕೊನೆಗೆ ತಲೆ ಆಡಿಸಿದರು. ಗುಮಾಸ್ತ ಹೋಗಿ ತಿದ್ದಿ ತಂದ. ಅಂಟಕ್ಕ ಇನ್ನೊಮ್ಮೆ ಮೊದಲಿನಿಂದ ಓದಿ, ಅದರ ಒಂದು ಪ್ರತಿ ಕೇಳಿ ತೆಗೆದುಕೊಂಡು, ಎದ್ದಳು.

ಉತ್ತರ ಇನ್ನೂ ಬಂದಿಲ್ಲ. ಚಕ್ರದ ತುಂಡನ್ನು ಅವಳು ವಾಪಸು ತಂದಿಲ್ಲ. ಬ್ಯಾಂಕಿನವರು ಎತ್ತಿ ಹೊರಗೆ ಹಾಕುವ ಧೈರ್ಯ ಮಾಡಿಲ್ಲ. ಪ್ರತಿ ಸೋಮವಾರ ಹತ್ತು ಗಂಟೆಗೆ ಬಾಗಿಲು ತೆರೆಯುವಾಗ ಅವಳು ಮೆಟ್ಟಿಲ ಮೇಲೆ ನಿಂತಿರುತ್ತಾಳೆ.