ಕೆಳಗಿನ ಮನೆಯ ಮಾಮ ಮತ್ತು ನಿಂತುಹೋಗುವ ಕಾರು

ಕನ್ನಡಕ ಬೀಳದಿರಲೆಂದು ಅದರ ಎರಡೂ ಕಡ್ಡಿಗಳಿಗೆ ಅವರು ಬಾಳೆನಾರು ಕಟ್ಟಿಕೊಳ್ಳುತ್ತಿದ್ದರು. ಮಾಟುಂಗದ ಹೂವಿನ ಅಂಗಡಿಯಿಂದ ದೇವರಿಗೆ ತಂದ ಮಾಲೆಯ ನಾರು ಅದು. ಕೆಲವೊಮ್ಮೆ ಬಾಡಿದ ಮಲ್ಲಿಗೆಯ ಮೊಗ್ಗೊಂದು ಅದರಲ್ಲೇ ಉಳಿದು ಅವರ ಕಿವಿಯ ಹಿಂದೆ ಅಂಟಿಕೊಂಡಿರುತ್ತಿತ್ತು. ನಾನು ಅವರನ್ನು ಮೊದಲು ಕಂಡಾಗ ಲುಂಗಿ ಎತ್ತಿ ಕಟ್ಟಿ ಕಾರಿನ ಬಾನೆಟ್ಟಿನೊಳಗೆ ಅರ್ಧ ಇಳಿದಿದ್ದರು. ತಲೆ ಎತ್ತದೆಯೇ ಕೇಳಿದರು: "ಮೇಲಿನ ಮನೆಗೆ ಬಂದವಳು ನೀನಾ? ಸ್ವಲ್ಪ ಒಳಗೆ ಕೂತು ಕೀ ತಿರುಗಿಸು, ನೋಡುವ." ಹೆಸರು ಕೇಳಿದ್ದು ಆಮೇಲೆ.

ಅಂಧೇರಿಯ ಆಫೀಸಿನಲ್ಲಿ ಕೆಲಸ ಸಿಕ್ಕಿ ಮೈಸೂರಿನಿಂದ ಮುಂಬೈಗೆ ಬಂದ ನಾನು, ಮಾಟುಂಗದ ಆ ಹಳೆಯ ಬಿಲ್ಡಿಂಗಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಅವರು ಕೆಳಗಿನ ಮನೆಯವರು. ಉಡುಪಿ ಕಡೆಯವರು; ಒಂದು ಹೋಟೆಲಿನ ಅಡುಗೆಮನೆಯಿಂದ ಶುರುಮಾಡಿ ಮ್ಯಾನೇಜರಾಗಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗಳೊಬ್ಬಳೇ ಜೊತೆಗೆ. ಬಿಲ್ಡಿಂಗಿಗೆಲ್ಲ ಅವರು ಮಾಮ. ಹಳೆಯ ಧಣಿಗಳು ಅಂಧೇರಿಯಲ್ಲಿ ನಡೆಸುತ್ತಿದ್ದ ಹೋಟೆಲಿಗೆ ಕೆಲವು ಬೆಳಿಗ್ಗೆ ಸಾಂಬಾರಿನ ರುಚಿ ನೋಡಲು ಹೋಗುತ್ತಿದ್ದರು. ಆ ದಿನಗಳಲ್ಲಿ ನನಗೆ ಲೋಕಲ್ ರೈಲಿನ ನೂಕುನುಗ್ಗಲಿನಿಂದ ಬಿಡುಗಡೆ. ಬದಲಿಗೆ ಆ ಕಾರಿನಲ್ಲಿ ಕೂರಬೇಕಿತ್ತು.

ಅದು ಎಷ್ಟೋ ಲಕ್ಷ ಕಿಲೋಮೀಟರ್ ಓಡಿ ಸವೆದ ಚಿಕ್ಕ ಪೆಟ್ರೋಲ್ ಕಾರು. ಓಡುವಾಗ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಯಾವಾಗಲೋ ಒಮ್ಮೆ, ಕೆಮ್ಮದೆ ಕುಂಟದೆ, ನಡುರಸ್ತೆಯಲ್ಲಿ ತೆಪ್ಪಗಾಗಿಬಿಡುತ್ತಿತ್ತು. ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು. ವಾರಗಟ್ಟಲೆ ಸುಮ್ಮನಿದ್ದು, ಮೇ ತಿಂಗಳು ಬಂದರೆ ದಿನವೂ ಅದೇ ಹಟ. ಸೆಖೆಗೆ ಪೆಟ್ರೋಲ್ ಆವಿಯಾಗುತ್ತದೆ ಎಂದು ಒಬ್ಬರು, ಕಿಡಿ ಹೊತ್ತಿಸುವ ಕಾಯಿಲ್ ಕಾಯುತ್ತದೆ ಎಂದು ಇನ್ನೊಬ್ಬರು. ಜೂನಿನಲ್ಲಿ ಮಳೆ ಬಿದ್ದ ಮೇಲೆ ಕಾರು ತಾನಾಗಿ ಸರಿಹೋಗುತ್ತಿದ್ದುದರಿಂದ ಸೆಖೆಯ ವಾದಕ್ಕೇ ಬಲ ಬಂದಿತ್ತು.

ಮಾಮನಿಗೆ ಈ ಉತ್ತರ ರುಚಿಸಿರಲಿಲ್ಲ. "ದೀಪಾವಳಿಯಲ್ಲೂ ನಿಲ್ತದಲ್ಲ, ಆಗ ಎಂತ ಸೆಖೆ?" ಎನ್ನುತ್ತಿದ್ದರು. ಅವರದು ಅಡುಗೆಮನೆಯ ಪದ್ಧತಿ. "ಸಾಂಬಾರ್ ಕೆಟ್ಟರೆ ಹುಳಿ, ಉಪ್ಪು, ಬೆಲ್ಲ ಎಲ್ಲ ಒಟ್ಟಿಗೆ ಹಾಕಬಾರದು ಮಾರಾಯ್ತಿ. ಒಂದು ಹಾಕು, ರುಚಿ ನೋಡು. ಇಲ್ಲದಿದ್ರೆ ಸರಿಯಾದ್ರೂ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗುದಿಲ್ಲ." ಹಾಗೆ ಒಂದು ತಿಂಗಳು ಪ್ಲಗ್ಗು, ಇನ್ನೊಂದು ತಿಂಗಳು ಪೆಟ್ರೋಲ್ ಫಿಲ್ಟರ್, ಆಮೇಲೆ ಪಂಪು ಬದಲಾದವು. ಪ್ರತಿ ಸಲವೂ ನಾವಿಬ್ಬರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಅಂಧೇರಿಯವರೆಗೆ ಉಸಿರು ಬಿಗಿಹಿಡಿದು ಹೋಗುತ್ತಿದ್ದೆವು. ನಿಜ ಹೇಳಬೇಕೆಂದರೆ, ಆಫೀಸಿಗೆ ತಡವಾದರೂ ಸರಿ, ಒಮ್ಮೆ ನಿಲ್ಲಲಿ ಎಂದು ನನಗೂ ಒಳಗೊಳಗೇ ಆಸೆಯಿರುತ್ತಿತ್ತು.

ಗ್ಯಾರೇಜು ಧಾರಾವಿಯ ಅಂಚಿನಲ್ಲಿತ್ತು. ಮೆಕ್ಯಾನಿಕ್ ವಿಜಯಪುರದ ಕಡೆಯವನು, ಕೆಲಸ ಬಲ್ಲವನು. ಕಾರನ್ನು ಎರಡೆರಡು ದಿನ ಇಟ್ಟುಕೊಂಡು ಓಡಿಸಿ ನೋಡುತ್ತಿದ್ದ. "ನಮ್ಮ ಕೈಯಾಗ ಒಂದ್ಸಲಾನೂ ನಿಲ್ಲವಲ್ದರೀ ಅಣ್ಣಾರ. ನಿಲ್ಲದ ಗಾಡಿನ್ಯಾಗ ಏನಂತ ಹುಡುಕ್ಲಿ?" ಎಂದು ಕೈಚೆಲ್ಲುತ್ತಿದ್ದ.

ಮಗಳು ಓಡಿಸಿದಾಗಲೂ ಅದು ನಿಲ್ಲುತ್ತಿರಲಿಲ್ಲ. ಭಾನುವಾರ ತನ್ನ ಕೀ ತೆಗೆದುಕೊಂಡು ದೂರದ ಥಾಣೆಯವರೆಗೆ ಹೋಗಿ ಬರುತ್ತಿದ್ದಳು, ಕಾರು ಹೂವಿನಂತೆ ಓಡುತ್ತಿತ್ತು. ಸಂಕಟ ಶುರುವಾದದ್ದು ಅಲ್ಲಿಂದ. ಕಾರು ನಿಲ್ಲುವುದು ಅಪ್ಪನ ಕೈಯಲ್ಲಿ ಮಾತ್ರ ಎಂದರೆ ತಪ್ಪು ಯಾರದು? ಮುಂಬೈಯಲ್ಲೇ ಹುಟ್ಟಿ ಬೆಳೆದ ಅವಳು ಅದನ್ನು ಹಿಂದಿಯ ಗಾದೆಯಲ್ಲೇ ಹೇಳಿಬಿಟ್ಟಳು: "ನಾಚ್ ನ ಜಾನೇ, ಆಂಗನ್ ಟೇಢಾ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ಹೇಳುವುದನ್ನೇ. ಆಮೇಲೆ ಮೆತ್ತಗಾಗಿ, "ಅಪ್ಪ, ಗಾಡಿ ನಿಲ್ಲುದಿಲ್ಲ, ನೀವು ನಿಲ್ಲಿಸುದು, ಕ್ಲಚ್ ಮೇಲೆ ಕಾಲು ತಪ್ಪಿ. ಏಜ್ ಆಯ್ತು. ಹೈವೇಯಲ್ಲಿ ಹಿಂದಿನಿಂದ ಟ್ರಕ್ ಬಂದ್ರೆ? ಇನ್ನೊಂದು ಸಲ ನಿಂತ್ರೆ ಮಾರಿಬಿಡುವ, ಬಸ್," ಎಂದಳು.

ಮಾಮ ಒಪ್ಪಿದರು. ಒಪ್ಪದೆ ಏನು ಹೇಳುವುದು? ಅವರಿಗೂ ತಮ್ಮ ಮೇಲೆ ಅನುಮಾನ ಹುಟ್ಟಿತ್ತು. ಸಿಗ್ನಲಿನಲ್ಲಿ ನಿಂತಾಗ ತಮ್ಮ ಕಾಲುಗಳನ್ನೇ ಬಗ್ಗಿ ನೋಡಿಕೊಳ್ಳುತ್ತಿದ್ದರು. ಅಷ್ಟು ಮಾತಿನ ಮನುಷ್ಯ ಅಂಧೇರಿಯವರೆಗೆ ತುಟಿ ಬಿಚ್ಚದೆ ಓಡಿಸುವುದನ್ನು ನೋಡಿ ನನಗೆ ತಡೆಯಲಾಗದಷ್ಟು ಬೇಸರವಾಗುತ್ತಿತ್ತು. ಬಿಲ್ಡಿಂಗಿನ ಅಜ್ಜಿಯರನ್ನು ಕಣ್ಣಿನ ಡಾಕ್ಟರ ಬಳಿಗೆ, ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದವರು ಅವರೇ. ಕಾರು ಹೋದರೆ ಅವರ ಪಾಲಿಗೆ ಉಳಿಯುವುದು ಕಿಟಕಿಯ ಪಕ್ಕದ ಕುರ್ಚಿಯೊಂದೇ.

ಆ ವರ್ಷದ ದೀಪಾವಳಿಗೂ ಬಿಲ್ಡಿಂಗ್ ಬರಿದಾಯಿತು. ಮೇ ರಜೆಗೆ ಮತ್ತು ದೀಪಾವಳಿಗೆ ಅಲ್ಲಿಯವರೆಲ್ಲ ಊರಿಗೆ ಹೋಗುವವರು. ಹೋಗುವಾಗ ಮನೆಯ ಬೀಗದ ಕೈ ಮಾಮನ ಕೈಗೆ. ಸಂಜೆ ಅವರು ಒಂದೊಂದೇ ಬಾಗಿಲು ತೆರೆದು, ದೇವರಿಗೆ ದೀಪ ಹಚ್ಚಿ, ತುಳಸಿಗೆ ನೀರು ಹಾಕಿ ಬರುತ್ತಿದ್ದರು. ಹಿತ್ತಾಳೆಯ, ಕಬ್ಬಿಣದ ಆ ಕೈಗಳನ್ನೆಲ್ಲ ಕಾರಿನ ಕೀಯ ಬಳೆಗೇ ಪೋಣಿಸುತ್ತಿದ್ದರು. "ಎರಡು ಗೊಂಚಲಿದ್ರೆ ಒಂದು ಕಳೀತದೆ. ಒಂದೇ ಇದ್ರೆ ಕಳೆಯುವ ಧೈರ್ಯ ಬರುದಿಲ್ಲ," ಎನ್ನುವುದು ಅವರ ಸಿದ್ಧಾಂತ. ಗ್ಯಾರೇಜಿಗೆ ಹೋದಾಗ ಮಾತ್ರ ಕಾರಿನ ಕೀಯೊಂದನ್ನೇ ಬಿಡಿಸಿ ಕೊಡುತ್ತಿದ್ದರು. ನಂಬಿ ಕೊಟ್ಟವರ ಮನೆಯ ಬೀಗದ ಕೈ ಮೂರನೆಯವರ ಕೈಗೆ ಹೋಗಬಾರದಲ್ಲ.

ಹಬ್ಬದ ಮಾರನೆಯ ಬೆಳಿಗ್ಗೆ ನಾವು ಅಂಧೇರಿಗೆ ಹೊರಟೆವು. ರೇಡಿಯೋದಲ್ಲಿ ಯಾವುದೋ ಹಳೆಯ ಹಾಡು. ಧಾರಾವಿ ದಾಟುವ ಮೊದಲೇ, ಒಂದು ಸ್ಪೀಡ್ ಬ್ರೇಕರ್ ಹತ್ತಿ ಇಳಿದದ್ದೇ ತಡ, ಕಾರು ತೆಪ್ಪಗಾಯಿತು. ಹಿಂದಿನಿಂದ ಹಾರ್ನುಗಳು. ಮಾಮ ಸ್ಟೇರಿಂಗ್ ಹಿಡಿದೇ ಕುಳಿತರು. "ಆಯ್ತು. ಮಗಳಿಗೆ ಮಾತು ಕೊಟ್ಟಾಗಿದೆ," ಎಂದರು.

ನನಗೆ ಅಳು ಬಂದಿತ್ತು. ಏನಾದರೂ ಹೇಳಬೇಕೆಂದು, "ಹಾಡೂ ನಿಂತೋಯ್ತಲ್ಲ ಮಾಮ," ಎಂದೆ.

ಅವರು ನನ್ನತ್ತ ತಿರುಗಿದರು. "ಯಾವುದು ಮೊದಲು ನಿಂತದ್ದು? ಇಂಜಿನ್ನಾ, ಹಾಡಾ?"

"ಎರಡೂ ಒಟ್ಟಿಗೇ ನಿಂತ್ವು."

"ನನ್ನ ಕಾಲಿನಿಂದ ಇಂಜಿನ್ ನಿಲ್ಬಹುದು. ಹಾಡು ಹೇಗೆ ನಿಲ್ತದೆ?"

ರಿಕ್ಷಾದವರಿಬ್ಬರು ಬಂದು ಕಾರನ್ನು ಬದಿಗೆ ತಳ್ಳಿದರು. ಮಾಮ ಇಂಜಿನ್ ಶುರುಮಾಡದೆ ಕೀಯನ್ನು ಅರ್ಧ ಮಾತ್ರ ತಿರುಗಿಸಿದರು. ಹಾಡು ಬಂತು. ಬಾಗಿಲು ಬಡಿದರು, ಹಾಡು ನಿಲ್ಲಲಿಲ್ಲ. ಬ್ರೇಕ್ ಒತ್ತಿದರು, ಕೆಳಗಿನ ವೈರುಗಳನ್ನು ಅಲುಗಾಡಿಸಿದರು, ಇಲ್ಲ. ಕೊನೆಗೆ ಬೀಗದ ಕೈಗಳ ಗೊಂಚಲನ್ನು ಹಿಡಿದು ಒಮ್ಮೆ ಕೆಳಗೆ ಜಗ್ಗಿದರು. ಹಾಡು ನಿಂತಿತು, ಡ್ಯಾಶ್‌ಬೋರ್ಡಿನ ಕೆಂಪು ದೀಪಗಳೂ ಆರಿದವು. ಅಂಗೈಯಲ್ಲಿ ಗೊಂಚಲನ್ನು ಮೇಲೆತ್ತಿದರು. ಹಾಡು ಬಂತು. ಜಗ್ಗಿದರೆ ಮೌನ, ಎತ್ತಿದರೆ ಹಾಡು. ಅವರು ಸೀಟಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇಡೀ ಬಿಲ್ಡಿಂಗೇ ನೇತಾಡ್ತಾ ಉಂಟು ಮಾರಾಯ್ತಿ, ಪಾಪ ಇದು ನಿಲ್ಲದೆ ಎಂತ ಮಾಡೀತು?"

ಕೀ ಹಾಕುವಲ್ಲಿನ ಸ್ವಿಚ್ಚು ಇಷ್ಟು ವರ್ಷಕ್ಕೆ ಒಳಗೆ ಸವೆದಿತ್ತು. ಬರೀ ಕೀ ಇದ್ದಾಗ ಹೇಗೋ ಸುಧಾರಿಸಿಕೊಳ್ಳುತ್ತಿತ್ತು. ಊರಿಗೆ ಹೋದವರ ಬೀಗದ ಕೈಗಳ ಭಾರ ಸೇರಿ, ಉಬ್ಬಿನ ಮೇಲೆ ಗೊಂಚಲು ಕುಲುಕಿದರೆ ಕ್ಷಣಹೊತ್ತು ಕರೆಂಟು ತಪ್ಪುತ್ತಿತ್ತು. ಜೂನಿನಲ್ಲಿ ಕಾರನ್ನು ಸರಿಮಾಡುತ್ತಿದ್ದದ್ದು ಮಳೆಯಲ್ಲ, ಊರಿನಿಂದ ಮರಳಿ ತಮ್ಮ ಬೀಗದ ಕೈ ಒಯ್ದವರು. ಮೆಕ್ಯಾನಿಕ್ ಸ್ವಿಚ್ಚು ಬದಲಿಸುತ್ತ, "ರೋಗಾನ ಮನ್ಯಾಗ ಇಟ್ಕೊಂಡು ರೋಗೀನ ಅಷ್ಟ ಕಳಸ್ತಿದ್ರಲ್ರೀ ಅಣ್ಣಾರ," ಎಂದ.

ಆದರೆ ಅದಕ್ಕೂ ಮೊದಲು ಕಾರು ಸೀದಾ ಮನೆಗೆ ಬಂದಿತ್ತು. ಮಗಳನ್ನು ಕೆಳಗೆ ಕರೆದು ಮಾಮ ಗೊಂಚಲನ್ನು ಅವಳ ಕೈಗೇ ಕೊಟ್ಟರು. ಅವಳು ಜಗ್ಗಿದಳು, ಎತ್ತಿದಳು, ಮತ್ತೆ ಜಗ್ಗಿದಳು. ಕಾರು ಗ್ಯಾರೇಜಿನಿಂದ ಬಂದ ದಿನ, "ಅಪ್ಪ, ಸ್ಟೇಷನ್ ತನಕ ಬಿಡ್ತೀರಾ?" ಎಂದಳು. ಅಷ್ಟೇ ಸಾಕಾಗಿತ್ತು ಅವರಿಗೆ. ನಾನು ಅವಳ ಗಾದೆಯನ್ನು ನೆನಪಿಸಿ ತಮಾಷೆ ಮಾಡಹೊರಟರೆ ಮಾಮ ನನ್ನನ್ನೇ ತಡೆದರು: "ಅವಳಿಗೆ ಸಂಶಯ ಬಂದದ್ದು ತಪ್ಪಲ್ಲ. ನಾನೂ ನನ್ನನ್ನು ಲೆಕ್ಕಕ್ಕೆ ಹಿಡೀಬೇಕಲ್ಲ."

ಈಗ ಮಾಮ ಇಲ್ಲ. ಹೋದ ಮಳೆಗಾಲದಲ್ಲಿ ನಿದ್ದೆಯಲ್ಲೇ ಹೋದರು. ಅವರನ್ನು ನೆನೆದಾಗ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಅವರು ಗೆದ್ದ ಆ ದಿನವಲ್ಲ, ಎಷ್ಟೋ ಕಾಲದ ನಂತರದ ಇನ್ನೊಂದು ಬೆಳಿಗ್ಗೆ. ಮಾಹಿಮಿನ ಸಿಗ್ನಲಿನಲ್ಲಿ ಕಾರು ನಿಂತಿತು. ಶುರುಮಾಡಿ ಹೊರಟರೆ ಮತ್ತೆ ನಿಂತಿತು. "ಸ್ವಿಚ್ಚು ಮತ್ತೆ ಹೋಗಿರ್ಬೇಕು ಮಾಮ," ಎಂದು ನಾನು ಅವಸರದಲ್ಲಿ ಹೇಳಿದೆ. ರೇಡಿಯೋ ಹಾಡುತ್ತಲೇ ಇತ್ತು. ಅವರು ಕಾರನ್ನು ಮೆಲ್ಲನೆ ಬದಿಗೆ ಒಯ್ದು ನಿಲ್ಲಿಸಿ, ಚಪ್ಪಲಿ ಬಿಚ್ಚಿ, ಎಡಗಾಲಿನಿಂದ ಕ್ಲಚ್ ಒತ್ತಿ ಬಿಟ್ಟು ನೋಡಿದರು. ಅಂದು ಗೊಂಚಲನ್ನು ನೋಡಿದ ಅದೇ ಕುತೂಹಲ ಮುಖದಲ್ಲಿ.

"ಕೆಲವು ದಿನದಿಂದ ನೋಡ್ತಾ ಇದ್ದೇನೆ. ಚಪ್ಪಲಿ ಬದಲಿಸಿದೆ. ಸೀಟು ಮುಂದೆ ಎಳೆದೆ. ಆದ್ರೂ ಈ ಕಾಲು ಎಲ್ಲಿ ಉಂಟು ಅಂತ ನನಗೆ ಸರಿಯಾಗಿ ಗೊತ್ತಾಗುದಿಲ್ಲ. ಮಗಳಿಗೆ ಫೋನ್ ಮಾಡು."

"ಹೇಳೋದು ಬೇಡ ಮಾಮ. ನಿಧಾನವಾಗಿ ಮನೆಗೆ ಹೋಗೋಣ."

"ಬೇಡ. ಅಷ್ಟು ವರ್ಷ ಕಾರಿನಲ್ಲಿ ಹುಡುಕಿದವ, ನನ್ನಲ್ಲಿ ಸಿಕ್ಕಿದ ಮೇಲೆ ಅಡಗಿಸಿಡುದಾ?"

ಮಗಳು ಟ್ಯಾಕ್ಸಿ ಹಿಡಿದು ಬಂದಳು. ಮಾಮ ಆಗಲೇ ಇಳಿದು ಫುಟ್‌ಪಾತಿನಲ್ಲಿ ನಿಂತಿದ್ದರು. "ಈ ಸಲ ಗಾಡಿಯದ್ದಲ್ಲ ಮಗಾ, ನನ್ನದೇ," ಎಂದರು, ಸಾಂಬಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳುವಷ್ಟೇ ಸಹಜವಾಗಿ.

ಅವಳು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಳು. "ಇಲ್ಲ ಅಪ್ಪ. ಗಾಡಿಯದ್ದೇ ಇರಬೇಕು. ಗ್ಯಾರೇಜಿಗೆ ಕೊಡುವ, ಚೆಕ್ ಮಾಡಿಸುವ. ನಿಮ್ಮದಲ್ಲ," ಎನ್ನುತ್ತಲೇ ಇದ್ದಳು. ಮಾಮ ಅವಳ ಭುಜ ಹಿಡಿದು ಡ್ರೈವರ್ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ತಾವು ಹಿಂದಿನ ಸೀಟಿಗೆ ಹೋಗಿ ಕುಳಿತರು. ತಪ್ಪನ್ನು ಎಲ್ಲೆಲ್ಲಿ ಹುಡುಕಬಹುದೆಂದು ನನಗೆ ಕಲಿಸಿದವರು ಅವರು. ಆ ಪಾಠದ ಕಷ್ಟದ ಭಾಗ ಸಿಕ್ಕಿದ್ದನ್ನು ಒಪ್ಪಿಕೊಳ್ಳುವುದು ಎಂದು ಗೊತ್ತಾದದ್ದು ಆ ಬೆಳಿಗ್ಗೆ, ಅಳುತ್ತಲೇ ಕಾರು ಓಡಿಸುತ್ತಿದ್ದ ಅವಳ ಪಕ್ಕದಲ್ಲಿ ಕುಳಿತಾಗ.