ಅಣ್ಣನ ಗಿಟಾರಿನೊಳಗಿನ ಸದ್ದು

ಅಣ್ಣ ಎದೆನೋವಿನಿಂದ ತೀರಿಕೊಂಡ ಮರುವರ್ಷ ಅವನ ಗಿಟಾರು ತಾನಾಗಿ ಸದ್ದು ಮಾಡತೊಡಗಿತು. ದಾಂಡೇಲಿಯ ಮನೆಯಲ್ಲಿ ಅದನ್ನು ನಡುಮನೆಯ ಟ್ರಂಕಿನ ಮೇಲೆ ಮಲಗಿಸಿಟ್ಟಿದ್ದರು. ಯಾರೂ ಮುಟ್ಟದಿದ್ದರೂ ಮಧ್ಯಾಹ್ನ ಝರ್ರ್ ಎನ್ನುತ್ತದೆ ಎಂದು ಅವ್ವ ಫೋನು ಮಾಡಿದಳು.

"ಅಂವಗ ದಾರಿ ಸಿಕ್ಕಿಲ್ಲಪಾ, ಇಲ್ಲೇ ಅದಾನ. ಅಮಾಸಿ ಬರೂದ್ರಾಗ ಕೋಗಿಲಬನದ ಕಡೆ ಒಯ್ದು ಹೊಳಿಗೆ ಬಿಟ್ಟು ಬಾ."

ನಾನು ಹಳಿಯಾಳದಲ್ಲಿ ಹಾರ್ಮೋನಿಯಂ, ಗಿಟಾರು ರಿಪೇರಿ ಮಾಡುವವನು. ದೆವ್ವದ ಮಾತು ಕೇಳಿದರೆ ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬರುತ್ತದೆ. ಆದರೂ ಹೋದೆ. ಬಾಗಿಲಲ್ಲೇ ವೈನಿ, ಅಂದರೆ ಅಣ್ಣನ ಹೆಂಡತಿ, ದನಿ ತಗ್ಗಿಸಿ, "ಅದೊಂದು ಉಳಿಸಿ ಕೊಡ್ರಿ. ನನ್ನ ಹತ್ರ ಅವರದು ಬ್ಯಾರೆ ಏನೂ ಉಳದಿಲ್ಲ" ಎಂದರು.

ಅದು ಮಾಮೂಲಿ ಗಿಟಾರಲ್ಲ. ಪಿಟೀಲಿನ ಹಾಗೆ ಎದೆ ಉಬ್ಬಿದ, ಎರಡು ಕಡೆ ಸುರುಳಿ ಕಂಡಿಗಳಿರುವ, ಒಳಗೆ ಪೂರಾ ಟೊಳ್ಳಾದ ಎಲೆಕ್ಟ್ರಿಕ್ ಗಿಟಾರು. ಇಂಥದರಲ್ಲಿ ಒಂದು ಸ್ಕ್ರೂ ಸಡಿಲಾದರೂ ಮೈಯೆಲ್ಲ ನಡುಗುತ್ತದೆ. ಮನೆಯೆದುರು ದಿಮ್ಮಿ ತುಂಬಿದ ಲಾರಿ ಹೋದಾಗ ನೆಲ ಅದುರುತ್ತದೆ, ಅದಕ್ಕೇ ಇದು ಗುಂಯ್‌ಗುಡುತ್ತದೆ ಎಂದು ಅವ್ವನಿಗೆ ಬಿಡಿಸಿ ಹೇಳಿದೆ. ಅವಳು ನಂಬಲಿಲ್ಲ.

ಅಂಗಡಿಗೆ ತಂದು ಒಂದೊಂದೇ ನೋಡಿದೆ. ತಂತಿ ಹೊತ್ತ ಬ್ರಿಜ್ಜಿನ ಸಣ್ಣ ಸ್ಕ್ರೂಗಳನ್ನು ಬಿಗಿ ಮಾಡಿದೆ. ಒಳಗಿನ ವೈರು ಮರಕ್ಕೆ ಬಡಿಯುತ್ತಿತ್ತು, ಅದಕ್ಕೆ ಸ್ಪಂಜು ಸುತ್ತಿದೆ. ಬೋರಲು ಹಾಕಿ ಅಲ್ಲಾಡಿಸಿದಾಗ ಕಂಡಿಯಿಂದ ಕರಿ ತಿರುಗಿದ ಹಳೇ ಅಕ್ಕಿಕಾಳು ಉದುರಿದವು, ನಡುನಡುವೆ ಮಾಸಿದ ಹಳದಿಯವೂ. ನಗು ಬಂತು. ಮಾನಮಿಯ ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ಅವ್ವ ಸುತ್ತಿಗೆ, ಇಕ್ಕಳಗಳ ಜೊತೆ ಗಿಟಾರನ್ನೂ ಇಟ್ಟು, ಕಂಡಿಯೇ ಅದರ ಬಾಯಿ ಎಂದುಕೊಂಡು ಪ್ರತಿ ವರ್ಷ ಒಂದು ಹಿಡಿ ಅಕ್ಷತೆ ಸುರಿಯುತ್ತಿದ್ದಳು. ಟಾರ್ಚು ಬಿಟ್ಟು ನೋಡಿ, ಒಂದು ಕಾಳೂ ಉಳಿಯದಂತೆ ತೆಗೆದೆ. ಗಿಟಾರು ಮೂಕಾಯಿತು. ಮನೆಗೆ ಮುಟ್ಟಿಸಿ ಬಂದೆ.

ಎಂಟು ದಿನಕ್ಕೆ ಮತ್ತೆ ಫೋನು ಬಂತು. ಸದ್ದು ಮರಳಿತ್ತು.

ಈ ಸಲ ಹೋಗಿ ನಾನೇ ಟ್ರಂಕಿನೆದುರು ಕೂತೆ. ಅವ್ವ ಮುಂದಿನ ಕೋಣೆಯಲ್ಲಿ ಮಲಗಿದ್ದಳು. ಸುಡುಬಿಸಿಲು, ಓಣಿಯಲ್ಲಿ ನರಪಿಳ್ಳೆ ಇಲ್ಲ. ಲಾರಿಯೊಂದು ಹೋಯಿತು. ಗಿಟಾರಿನ ಹೊಟ್ಟೆಯೊಳಗೆ ಯಾರೋ ಉಗುರಿನಿಂದ ಕೆರೆದ ಹಾಗಾಯಿತು. ಲಾರಿ ದೂರವಾದ ಮೇಲೂ ಒಂದೆರಡು ಸಲ ಟಿಕ್, ಟಿಕ್ ಎಂದಿತು. ಸ್ಕ್ರೂಗಳೆಲ್ಲ ಬಿಗಿಯಾಗೇ ಇದ್ದವು. ಎತ್ತಿ ಬೋರಲು ಹಾಕಿದೆ. ಅಕ್ಕಿಕಾಳು ಬಿದ್ದವು, ಅಚ್ಚ ಹಳದಿಯವು. ಬೆರಳಿಗೆ ಅರಿಶಿನ ಹತ್ತಿತು. ಇನ್ನೂ ಹಸಿಯಿತ್ತು.

ಒಳಗೆ ಏನೂ ಇಲ್ಲವೆಂದು ಈ ಕಣ್ಣಿಂದಲೇ ನೋಡಿದ್ದೆ. ಅಣ್ಣ ಸತ್ತ ಮೇಲೆ ಅವ್ವ ಅದನ್ನು ಪೂಜೆಗೆ ಇಟ್ಟೇ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ಅಣ್ಣನನ್ನು ಕರೆಯಬೇಕೆಂದು ಬಾಯಿ ತೆರೆದಿದ್ದೆ.

"ನಾನ ಹಾಕೀನ್ರಿ," ಎಂದರು ವೈನಿ. ಯಾವಾಗ ಬಂದು ಹಿಂದೆ ನಿಂತಿದ್ದರೋ.

ಗಂಡ ಹೋದವಳು ಪೂಜೆಯ ತಾಟು ಮುಟ್ಟಬಾರದೆಂದು ನಮ್ಮ ಮನೆಯಲ್ಲೂ ನಡೆದುಬಂದಿದೆ. ಈ ಸಲದ ಮಾನಮಿಯಂದು ಗಿಟಾರು ಪೂಜೆಯಿಲ್ಲದೆ ಬಿದ್ದಿತ್ತಲ್ಲ, ಅವ್ವ ಮಲಗಿದ ಹೊತ್ತಿಗೆ ವೈನಿ ತಾವೇ ಒಂದು ಹಿಡಿ ಹಾಕಿದ್ದರು.

"ಲಾರಿ ಹೋತು, ದನಿ ಬಂತು. ಅವರಲ್ಲ ಅಂತ ನನಗೂ ಗೊತ್ತೈತ್ರಿ. ಆದ್ರೂ ಮನ್ಯಾಗ ಒಂದು ದನಿ ಆತಲ್ರಿ. ನೀವು ತಗದ್ರಿ, ನಾ ಮತ್ತ ಹಾಕಿದೆ. ಇವತ್ತೂ ಹಾಕೀನಿ."

"ದನಿ ಬಂದ್ರ ಅವ್ವ ಹೊಳಿಗೆ ಹಾಕಸ್ತಾಳ್ರಿ ವೈನಿ."

ಅವರು ಗಿಟಾರಿನ ಮೈಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ, "ತಗೀರಿ" ಎಂದು ತಾವೇ ಸೆರಗು ಒಡ್ಡಿದರು. ಕೊನೆಯ ಕಾಳೂ ಬೀಳುವ ತನಕ ಗಿಟಾರು ಅಲ್ಲಾಡಿಸಿದೆ. ಸ್ಕ್ರೂ ಸಡಿಲಾಗಿತ್ತು ಎಂದು ಅವ್ವನಿಗೆ ಸುಳ್ಳು ಹೇಳಿದೆ.

ಅಮಾವಾಸ್ಯೆ ಕಳೆಯಿತು, ಗಿಟಾರು ಹೊಳೆಗೆ ಹೋಗಲಿಲ್ಲ. ಮುಂದಿನ ವಾರ ಊಟಕ್ಕೆ ಹೋದಾಗ ಲಾರಿಯೊಂದು ಹಾದುಹೋಯಿತು. ನೆಲ ಅದುರಿತು, ತಾಟು ಅಲುಗಿತು, ಟ್ರಂಕಿನ ಕಡೆಯಿಂದ ಏನೂ ಬರಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಅತ್ತ ನೋಡುತ್ತ ಕೂತಳು.

"ಹೋದ ನೋಡು," ಎಂದಳು, "ಈಗ ಖರೇನ ಹೋದ."

ವೈನಿ ಎದ್ದು ಒಳಗೆ ಹೋದರು.